ಚೀಟಿಯ ಮೇಲಿನ ಟಿ.ಡಿ.ಎಸ್.: ಅಕ್ಷರ ಮೂರೇ, ಅರ್ಥ ಹಲವು

(ರೋಗಿಗಳು ಹಾಗೂ ಅವರ ಆರೈಕೆದಾರರಿಗಾಗಿ ನೀಡಿದ ಆರೋಗ್ಯ ಉಪನ್ಯಾಸ)



ದೂರದ ಊರುಗಳಿಂದ ಚಿಕಿತ್ಸೆಗೆಂದು ಬಂದಿರುವ ರೋಗಿ ಬಂಧುಗಳೇ, ಹೊಲಮನೆಯ ಕೆಲಸ ಬಿಟ್ಟು ಅವರ ಆರೈಕೆಗೆ ನಿಂತಿರುವ ತಾಯಂದಿರೇ, ಅಣ್ಣತಮ್ಮಂದಿರೇ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬಾಣಂತಿಯ ಆರೈಕೆ ಇವುಗಳ ಬಗ್ಗೆ ನೀವು ಬೇಕಾದಷ್ಟು ಕೇಳಿರುತ್ತೀರಿ. ಇಂದು ನಾನು ಯಾವ ಕಾಯಿಲೆಯ ಹೆಸರನ್ನೂ ಹಿಡಿದು ಬಂದಿಲ್ಲ. ಮೂರೇ ಮೂರು ಇಂಗ್ಲಿಷ್ ಅಕ್ಷರಗಳ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಟಿ.ಡಿ.ಎಸ್. ನಿಮ್ಮ ಕೈಯಲ್ಲಿರುವ ಔಷಧ ಚೀಟಿಯನ್ನು ಒಮ್ಮೆ ಬಿಚ್ಚಿ ನೋಡಿ. ಗುಳಿಗೆಯ ಹೆಸರಿನ ಪಕ್ಕದಲ್ಲಿ ಈ ಅಕ್ಷರಗಳು ಅನೇಕರಿಗೆ ಕಾಣುತ್ತವೆ. ಅದೇ ಕೈಚೀಲದಲ್ಲಿ ಬ್ಯಾಂಕಿನ ಪಾಸ್‌ಬುಕ್ ಇದ್ದರೆ ಅದರಲ್ಲೂ ಇವು ಸಿಗಬಹುದು. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ನಿಂತರೆ ಅಲ್ಲಿಯೂ ಇದೇ ಮಾತು. ಅಕ್ಷರ ಅವೇ, ಅರ್ಥ ಮಾತ್ರ ಒಂದಕ್ಕೊಂದು ಸಂಬಂಧವಿಲ್ಲದ್ದು.

ಬ್ಯಾಂಕಿನ ಅರ್ಥವನ್ನು ತಪ್ಪಾಗಿ ತಿಳಿದರೆ ಸ್ವಲ್ಪ ಹಣದ ಗೊಂದಲ. ಮತ್ತೊಮ್ಮೆ ಹೋಗಿ ಕೇಳಿದರೆ ಸರಿಹೋಗುತ್ತದೆ. ಔಷಧ ಚೀಟಿಯಲ್ಲಿ ತಪ್ಪಾಗಿ ತಿಳಿದರೆ ಗಾಯ ಮಾಯುವುದಿಲ್ಲ, ಜ್ವರ ಬಿಡುವುದಿಲ್ಲ, ಕೆಲವೊಮ್ಮೆ ಜೀವಕ್ಕೇ ಕುತ್ತು ಬರುತ್ತದೆ. ಅದಕ್ಕಾಗಿ ಈ ಮಾತು.

ಮೊದಲು ಬ್ಯಾಂಕಿನದನ್ನು ಮುಗಿಸಿಬಿಡೋಣ. ಅಲ್ಲಿ ಟಿ.ಡಿ.ಎಸ್. ಎಂದರೆ ಟ್ಯಾಕ್ಸ್ ಡಿಡಕ್ಟೆಡ್ ಅಟ್ ಸೋರ್ಸ್. ಹಣ ನಮ್ಮ ಕೈಗೆ ಬರುವ ಮುನ್ನ, ಕೊಡುವವರೇ ಹಿಡಿದುಕೊಳ್ಳುವ ಆದಾಯ ತೆರಿಗೆ. ಠೇವಣಿಯ ಬಡ್ಡಿ ಒಂದು ಮಿತಿಯನ್ನು ದಾಟಿದರೆ ಬ್ಯಾಂಕು ಹೀಗೆ ಹಿಡಿಯುತ್ತದೆ. ಸಂಬಳದಲ್ಲಿ, ಗುತ್ತಿಗೆಯ ಬಿಲ್ಲಿನಲ್ಲಿಯೂ ಹಿಡಿಯುತ್ತಾರೆ. ಆ ಹಣ ಬ್ಯಾಂಕಿನವರ ಜೇಬಿಗೆ ಹೋಗುವುದಿಲ್ಲ, ನಿಮ್ಮ ಪಾನ್ ಸಂಖ್ಯೆಯ ಲೆಕ್ಕದಲ್ಲಿ ಸರ್ಕಾರಕ್ಕೆ ಜಮೆಯಾಗುತ್ತದೆ. ಪಾನ್ ಸಂಖ್ಯೆ ಕೊಡದಿದ್ದರೆ ಹಿಡಿಯುವ ದರ ಹೆಚ್ಚು. ತೆರಿಗೆ ಕಟ್ಟುವಷ್ಟು ವರಮಾನವೇ ಇಲ್ಲದವರು ರಿಟರ್ನ್ ಸಲ್ಲಿಸಿ ಹಣ ವಾಪಸು ಪಡೆಯಬಹುದು. ಆಸ್ಪತ್ರೆಯಲ್ಲಿ ಇದೇಕೆ ಬಂತು ಎಂದರೆ, ಆಪರೇಷನ್ ಖರ್ಚಿಗೆಂದು ಠೇವಣಿ ಮುರಿಸಿ ಬಂದ ಒಬ್ಬರು ಒಂದು ಕೈಯಲ್ಲಿ ಪಾಸ್‌ಬುಕ್, ಇನ್ನೊಂದು ಕೈಯಲ್ಲಿ ಚೀಟಿ ಹಿಡಿದು, "ಸಿಸ್ಟರ್, ಎರಡರಾಗೂ ಇದೇ ಬರದೈತಿ, ಗುಳಗಿ ರೊಕ್ಕಾ ಬ್ಯಾಂಕಿನಾಗ ಮುರಕೊಂಡಾರೇನ್ರಿ?" ಎಂದು ಕೇಳಿದ್ದರು. ಕೇಳಿದ್ದು ಒಳ್ಳೆಯದೇ ಆಯಿತು. ಕೇಳದೆ ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡು ಕೊರಗುವವರೇ ಹೆಚ್ಚು.

ಇನ್ನು ನೀರು. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ಟಿ.ಡಿ.ಎಸ್. ವಾರ್ಡಿನೊಳಗೂ ಬಂದಿದೆ. ನೀರಿನವರ ಭಾಷೆಯಲ್ಲಿ ಇದು ಟೋಟಲ್ ಡಿಸಾಲ್ವ್ಡ್ ಸಾಲಿಡ್ಸ್, ಅಂದರೆ ನೀರಿನಲ್ಲಿ ಕರಗಿರುವ ಒಟ್ಟು ಘನಪದಾರ್ಥ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ ಮೊದಲಾದವುಗಳ ಲವಣಗಳೇ ಅದರಲ್ಲಿ ಹೆಚ್ಚು. ಭಾರತೀಯ ಮಾನಕ ಬ್ಯೂರೋ 2012ರಲ್ಲಿ ಪರಿಷ್ಕರಿಸಿದ ಕುಡಿಯುವ ನೀರಿನ ಮಾನದಂಡದ ಪ್ರಕಾರ ಒಂದು ಲೀಟರಿಗೆ 500 ಮಿಲಿಗ್ರಾಂವರೆಗೆ ಒಪ್ಪತಕ್ಕದ್ದು. ಬೇರೆ ನೀರು ಸಿಗದ ಕಡೆ 2000ದವರೆಗೂ ನಡೆಯುತ್ತದೆ.

ಈಗ ಪೆನ್ನಿನಂಥ ಒಂದು ಮೀಟರು ಅಗ್ಗಕ್ಕೆ ಸಿಗುತ್ತದೆ. ಕೆಲವರು ಅದನ್ನು ಜೇಬಿನಲ್ಲಿಟ್ಟುಕೊಂಡೇ ರೋಗಿಯನ್ನು ನೋಡಲು ಬರುತ್ತಾರೆ. ಹಾಸಿಗೆಯ ಪಕ್ಕದ ತಂಬಿಗೆಗೆ ಅದ್ದಿ, "ಮುನ್ನೂರ ಐವತ್ತೈತಿ, ಈ ನೀರು ಕುಡೀಬ್ಯಾಡ" ಎಂದು ಹೇಳಿ ಹೋಗುತ್ತಾರೆ. ಪಾಪ, ರೋಗಿ ಸಂಜೆಯವರೆಗೂ ನೀರೇ ಮುಟ್ಟುವುದಿಲ್ಲ. ಆ ಮೀಟರು ಮಾಡುವ ಕೆಲಸ ಇಷ್ಟೇ: ಎರಡು ಕಡ್ಡಿಗಳ ನಡುವೆ ಸಣ್ಣ ಪ್ರಮಾಣದ ವಿದ್ಯುತ್ ಹರಿಸುತ್ತದೆ. ಉಪ್ಪಿನಂಶ ಹೆಚ್ಚಿದ್ದರೆ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ಅದನ್ನೇ ಸಂಖ್ಯೆಯಾಗಿ ತೋರಿಸುತ್ತದೆ. ಕಾಲರಾ, ಟೈಫಾಯ್ಡ್, ಕಾಮಾಲೆ ತರುವ ಕ್ರಿಮಿಗಳು ಅದಕ್ಕೆ ಕಾಣುವುದೇ ಇಲ್ಲ. ಕೊಳಚೆ ಬೆರೆತ ಮಳೆನೀರು 60 ತೋರಿಸಬಹುದು, ಸ್ವಚ್ಛವಾದ ಬೋರಿನ ನೀರು 450 ತೋರಿಸಬಹುದು. ಭೇದಿ ಬರುವುದು ಮೊದಲನೆಯದನ್ನು ಕುಡಿದವರಿಗೆ. ನೀರನ್ನು ಕುದಿಸಿದರೆ ಕ್ರಿಮಿಗಳು ಸಾಯುತ್ತವೆ. ಆದರೆ ಪಾತ್ರೆಯ ತಳಕ್ಕೆ ಬಿಳಿ ಸುಣ್ಣದಂತೆ ಕಟ್ಟುವಷ್ಟನ್ನು ಬಿಟ್ಟರೆ ಉಳಿದ ಉಪ್ಪು ನೀರಿನಲ್ಲೇ ಇರುತ್ತದೆ. ಆದ್ದರಿಂದ ಕುದಿಸಿ ಆರಿಸಿದ ನೀರಿನ ಸಂಖ್ಯೆ ನೋಡಿ ಗಾಬರಿಯಾಗಬೇಡಿ.

ಫ್ಲೋರೈಡ್ ವಿಷಯವೂ ಹೀಗೆಯೇ. ಕೋಲಾರ, ಪಾವಗಡ, ಮುಂಡರಗಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಲ್ಲು ಕಂದುಗಟ್ಟುವುದು, ಮೂಳೆ ಬಿಗಿಯುವುದು ನೀವು ಕಂಡದ್ದೇ. ಫ್ಲೋರೈಡಿಗೆ ಅದೇ ಮಾನದಂಡದಲ್ಲಿ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ದಾರಿ ಇಲ್ಲದಿದ್ದರೆ ಒಂದೂವರೆ. ನೂರಾರು ಮಿಲಿಗ್ರಾಂ ಉಪ್ಪಿನ ನಡುವೆ ಈ ಒಂದೂವರೆಯನ್ನು ಪೆನ್ನಿನ ಮೀಟರು ಬೇರೆ ಮಾಡಿ ತೋರಿಸಲಾರದು. ಅದಕ್ಕೆ ನೀರಿನ ಮಾದರಿಯನ್ನು ಪ್ರಯೋಗಾಲಯಕ್ಕೇ ಕೊಡಬೇಕು. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ.

ಸಂಖ್ಯೆ ಕಡಿಮೆ ಇದ್ದಷ್ಟೂ ಒಳ್ಳೆಯ ನೀರು ಎಂಬ ನಂಬಿಕೆಗೆ ಇನ್ನೊಂದು ಮಾತು. ಭೇದಿಯಿಂದ ಬಳಲಿದ ಮಗುವಿಗೆ ನಾವು ಕೊಡುವ ಓ.ಆರ್.ಎಸ್. ಇದೆಯಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದಲ್ಲಿ ಒಂದು ಲೀಟರಿಗೆ ಲವಣಗಳೇ 7 ಗ್ರಾಂ, ಜೊತೆಗೆ ಗ್ಲೂಕೋಸ್ 13.5 ಗ್ರಾಂ. ಲವಣವನ್ನಷ್ಟೇ ಲೆಕ್ಕ ಹಾಕಿದರೂ 7000 ಮಿಲಿಗ್ರಾಂ ಆಯಿತು. ಮೀಟರಿನ ಮಾತು ಕೇಳಿದರೆ ಅದನ್ನು ಚೆಲ್ಲಬೇಕು! ಮಗುವನ್ನು ಉಳಿಸುವುದು ಅದೇ. ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿದೆಯೋ ಅಷ್ಟರಲ್ಲೇ ಕಲಸಿ. 1 ಲೀಟರಿನ ಪೊಟ್ಟಣವೂ ಇದೆ, 200 ಮಿಲಿಲೀಟರಿನ ಸಣ್ಣದೂ ಇದೆ.

ನೀರಿನ ಟಿ.ಡಿ.ಎಸ್. ನಿಜವಾಗಿ ಜೀವದ ಪ್ರಶ್ನೆಯಾಗುವ ಒಂದು ಜಾಗ ಆಸ್ಪತ್ರೆಯಲ್ಲಿದೆ, ಅದು ಡಯಾಲಿಸಿಸ್ ಕೋಣೆ. ಅಲ್ಲಿ ಯಂತ್ರದಲ್ಲಿ ನಿಮಿಷಕ್ಕೆ ಸುಮಾರು 500 ಮಿಲಿಲೀಟರ್ ದ್ರಾವಣ ಹರಿಯುತ್ತದೆ. ನಾಲ್ಕು ಗಂಟೆಗೆ 120 ಲೀಟರ್ ಆಯಿತು. ಇಷ್ಟೆಲ್ಲ ದ್ರಾವಣ ತೆಳ್ಳನೆಯ ಪೊರೆಯೊಂದರ ಆಚೆ, ರೋಗಿಯ ರಕ್ತದ ಪಕ್ಕದಲ್ಲೇ ಹರಿಯುವುದರಿಂದ ಅದಕ್ಕೆ ಬಳಸುವ ನೀರನ್ನು ಆರ್.ಓ. ಘಟಕದಲ್ಲಿ ಶುದ್ಧ ಮಾಡಿ, ಮೇಲಿಂದ ಮೇಲೆ ಪರೀಕ್ಷಿಸುತ್ತಾರೆ. ಆ ಕೋಣೆಯ ಟೆಕ್ನಿಷಿಯನ್ ಬಾಯಲ್ಲಿ ಟಿ.ಡಿ.ಎಸ್. ಎಂದರೆ ನೀರು. ನಾಲ್ಕು ಹೆಜ್ಜೆ ಆಚೆ ವಾರ್ಡಿನ ಸಿಸ್ಟರ್ ಬಾಯಲ್ಲಿ ಅದೇ ಮಾತಿಗೆ ಗುಳಿಗೆಯ ಹೊತ್ತು ಎಂದು ಅರ್ಥ. ಒಂದೇ ಸೂರಿನಡಿಯಲ್ಲಿ!

ಈಗ ಚೀಟಿಗೆ ಬರೋಣ. ಇಲ್ಲಿ ಈ ಮೂರು ಅಕ್ಷರ ಇಂಗ್ಲಿಷೂ ಅಲ್ಲ, ಹಳೆಯ ಲ್ಯಾಟಿನ್ ಭಾಷೆಯದು. ಟೆರ್ ಡಿಯೆ ಸುಮೆಂಡಮ್, ದಿನಕ್ಕೆ ಮೂರು ಬಾರಿ ತೆಗೆದುಕೊಳ್ಳತಕ್ಕದ್ದು ಎಂದು ಅರ್ಥ. ಹಿಂದೆ ಯುರೋಪಿನ ವೈದ್ಯರು ಲ್ಯಾಟಿನ್ನಿನಲ್ಲಿ ಬರೆಯುತ್ತಿದ್ದರು, ಬ್ರಿಟಿಷರ ವೈದ್ಯ ಪದ್ಧತಿಯ ಜೊತೆ ಆ ರೂಢಿ ನಮ್ಮಲ್ಲಿಗೂ ಬಂತು. ಇದನ್ನೇ ಅಮೆರಿಕದವರು ಟಿ.ಐ.ಡಿ. ಎಂದು ಬರೆಯುತ್ತಾರೆ. ದಿನಕ್ಕೆರಡು ಬಾರಿ ಎಂದರೆ ಬಿ.ಡಿ., ನಾಲ್ಕು ಬಾರಿ ಎಂದರೆ ಕ್ಯೂ.ಐ.ಡಿ. ಈ ರೂಢಿಗೂ ಒಂದು ಉಪಯೋಗವಿದೆ, ಇಲ್ಲವೆನ್ನಲಾಗದು. ಬೀದರಿನಲ್ಲಿ ಬರೆದ ಚೀಟಿಯನ್ನು ಸೊಲ್ಲಾಪುರದ ಔಷಧ ಅಂಗಡಿಯವರೂ ಹೈದರಾಬಾದಿನವರೂ ಓದುತ್ತಾರೆ. ಓದಲಾಗದೆ ಉಳಿಯುವವರು ಮಾತ್ರ ಗುಳಿಗೆ ನುಂಗಬೇಕಾದ ನೀವು.

ಕಾಲಿನ ಗಾಯಕ್ಕೆಂದು ಬಂದಿದ್ದ ಹಿರಿಯರೊಬ್ಬರ ವಿಷಯ ಹೇಳುತ್ತೇನೆ. ಐದು ದಿನಕ್ಕೆ ಆಂಟಿಬಯೋಟಿಕ್ ಗುಳಿಗೆ ಬರೆದಿತ್ತು, ಟಿ.ಡಿ.ಎಸ್. ಎಂದು. ದಿನಕ್ಕೆ ಮೂರರಂತೆ ಐದು ದಿನಕ್ಕೆ 15 ಗುಳಿಗೆ. ತಮ್ಮ ಊರಿನ ಹತ್ತಿರದ ಅಂಗಡಿಯೊಂದರಲ್ಲಿ ಕೊಂಡರು. ಅಲ್ಲಿ "ಊಟಕ್ಕೊಂದು" ಎಂದು ಹೇಳಿ ಕೊಟ್ಟರಂತೆ. ಆರನೆಯ ದಿನ ಬಂದಾಗ ಗಾಯದಲ್ಲಿ ಕೀವು ಹಾಗೆಯೇ ಇತ್ತು. ಔಷಧ ಹತ್ತಲಿಲ್ಲ ಎಂದು ಮನೆಯವರಿಗೆ ಚಿಂತೆ. ಅಜ್ಜ ಜೇಬಿನಿಂದ ಗುಳಿಗೆಯ ಪಟ್ಟಿ ತೆಗೆದರು. ಐದು ಗುಳಿಗೆ ಉಳಿದಿದ್ದವು. ಅವರು ಸುಳ್ಳು ಹೇಳಿರಲಿಲ್ಲ, ಉಡಾಫೆಯನ್ನೂ ಮಾಡಿರಲಿಲ್ಲ. ಬೆಳಿಗ್ಗೆ ರೊಟ್ಟಿ ತಿಂದು ಹೊಲಕ್ಕೆ ಹೋದರೆ ಮತ್ತೆ ಊಟ ರಾತ್ರಿಯೇ. ಎರಡು ಊಟ, ಎರಡು ಗುಳಿಗೆ. ಹೇಳಿದ್ದನ್ನು ಹೇಳಿದಂತೆಯೇ ನಡೆಸಿದ್ದರು. ಆ ಉಳಿದ ಪಟ್ಟಿಯನ್ನು ತಂದದ್ದರಿಂದ ಒಂದು ಉಪಕಾರವಾಯಿತು. ಔಷಧವೇ ಸರಿಯಿಲ್ಲ ಎಂದು ಇನ್ನೂ ಬಲವಾದದ್ದಕ್ಕೆ ಹೋಗುವ ಮೊದಲೇ ನಿಜವಾದ ಕಾರಣ ತಿಳಿಯಿತು. ಮರುಭೇಟಿಗೆ ಬರುವಾಗ ಖಾಲಿ ಪಟ್ಟಿ, ಉಳಿದ ಗುಳಿಗೆ ಎಲ್ಲವನ್ನೂ ತನ್ನಿ ಎಂದು ನಾವು ಹೇಳುವುದು ಇದಕ್ಕೇ.

ಮೂರು ಬಾರಿ ಎಂದರೆ ಮೂರು ಊಟ ಎಂದೇನೂ ಅಲ್ಲ. ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್ ಇದೆ. ರಕ್ತಕ್ಕೆ ಸೇರಿದ ಈ ಔಷಧದಲ್ಲಿ ಅರ್ಧದಷ್ಟು ಒಂದು, ಒಂದೂವರೆ ಗಂಟೆಯೊಳಗೆ ಕಡಿಮೆಯಾಗಿಬಿಡುತ್ತದೆ. ಆದ್ದರಿಂದ ಎಂಟು ಗಂಟೆಗೊಮ್ಮೆ ಮತ್ತೆ ತುಂಬುತ್ತಿರಬೇಕು. ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10, ಹೀಗೆ. ಇಲ್ಲಿ ಗಡಿಯಾರ ಮುಖ್ಯ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಲೆವೊಡೋಪ ಗುಳಿಗೆಯದೂ ಅದೇ ರೀತಿ. ಹೊತ್ತು ತಪ್ಪಿದರೆ ರೋಗಿಯ ಕೈಕಾಲು ಬಿಗಿದುಕೊಂಡು, ಎದ್ದು ನಡೆಯುವುದೂ ಕಷ್ಟವಾಗಬಹುದು. ಆದರೆ ಸಕ್ಕರೆ ಕಾಯಿಲೆಗೆ ಕೊಡುವ ಅಕಾರ್ಬೋಸ್ ಎಂಬ ಗುಳಿಗೆಗೂ ಚೀಟಿಯಲ್ಲಿ ಟಿ.ಡಿ.ಎಸ್. ಎಂದೇ ಇರುತ್ತದೆ. ಅದನ್ನು ಊಟದ ಮೊದಲ ತುತ್ತಿನ ಜೊತೆಗೇ ನುಂಗಬೇಕು. ಊಟವಿಲ್ಲದಿದ್ದರೆ ಗುಳಿಗೆಯೂ ಇಲ್ಲ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆಗಳನ್ನು ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆಯಲ್ಲಿ ಉರಿ, ಹುಣ್ಣು ಆಗಬಹುದು. ನೋಡಿದಿರಾ, ಒಂದೇ ಚೀಟಿಯೊಳಗೆ, ಒಂದೇ ಅರ್ಥದ ಮೂರು ಅಕ್ಷರ, ಒಂದು ಗುಳಿಗೆಗೆ ಗಡಿಯಾರ ನೋಡು ಎನ್ನುತ್ತದೆ, ಇನ್ನೊಂದಕ್ಕೆ ತಾಟು ನೋಡು ಎನ್ನುತ್ತದೆ. ಅಕ್ಷರಗಳು ಎಷ್ಟು ಬಾರಿ ಎಂಬುದನ್ನಷ್ಟೇ ಹೇಳುತ್ತವೆ. ಯಾವಾಗ ಎಂಬುದನ್ನು ಬಾಯಿಬಿಟ್ಟು ಕೇಳಲೇಬೇಕು.

ಮಧ್ಯಾಹ್ನದ್ದು ಮರೆತುಹೋಯಿತು ಎಂದು ರಾತ್ರಿ ಎರಡು ನುಂಗುವ ಅಭ್ಯಾಸ ಬಹಳ ಜನರಿಗಿದೆ. ದಯವಿಟ್ಟು ಬೇಡ. ನೆನಪಾದ ಕೂಡಲೇ ತೆಗೆದುಕೊಳ್ಳಿ. ಮುಂದಿನ ಗುಳಿಗೆಯ ಹೊತ್ತು ಹತ್ತಿರ ಬಂದಿದ್ದರೆ ಬಿಟ್ಟದ್ದನ್ನು ಬಿಟ್ಟುಬಿಡಿ. ಹೆಚ್ಚಿನ ಗುಳಿಗೆಗಳಿಗೆ ಇದು ಸರಿ. ಫಿಟ್ಸ್, ಹೃದಯ, ಸಕ್ಕರೆ ಕಾಯಿಲೆಯ ಔಷಧವಾದರೆ ಫೋನು ಮಾಡಿ ಕೇಳಿಬಿಡಿ. ಜ್ವರದ ಪ್ಯಾರಾಸಿಟಮಾಲ್ ವಿಷಯದಲ್ಲಂತೂ ಇನ್ನೂ ಎಚ್ಚರ. ದೊಡ್ಡವರಿಗೆ ದಿನದ ಒಟ್ಟು ಮಿತಿ 4 ಗ್ರಾಂ, ಮದ್ಯಪಾನ ಮಾಡುವವರಿಗೆ, ತೀರ ಸಣಕಲು ದೇಹದವರಿಗೆ ಅದಕ್ಕಿಂತ ಕಡಿಮೆ. ಚೀಟಿಯ ಗುಳಿಗೆ ಮೂರು ಹೊತ್ತು ನಡೆಯುತ್ತಿರುವಾಗಲೇ ಅಂಗಡಿಯಿಂದ ನೆಗಡಿಯ ಗುಳಿಗೆ ತಂದು ಸೇರಿಸುತ್ತಾರೆ. ಅದರೊಳಗೂ ಹೆಚ್ಚಾಗಿ ಇರುವುದು ಪ್ಯಾರಾಸಿಟಮಾಲೇ. ಹೆಸರು ಬೇರೆ, ಔಷಧ ಒಂದೇ. ಹೆಚ್ಚಾದರೆ ಕೆಡುವುದು ಯಕೃತ್ತು.

ಇನ್ನೊಂದು ಟಿ.ಡಿ.ಎಸ್. ಔಷಧ ಶಾಸ್ತ್ರದೊಳಗೇ ಅವಿತುಕೊಂಡಿದೆ. ಟ್ರಾನ್ಸ್‌ಡರ್ಮಲ್ ಡೆಲಿವರಿ ಸಿಸ್ಟಮ್, ಅಂದರೆ ಚರ್ಮದ ಮೇಲೆ ಅಂಟಿಸುವ ಔಷಧದ ಪಟ್ಟಿ. ಕ್ಯಾನ್ಸರ್ ನೋವಿಗೆ ಅಂಟಿಸುವ ಫೆಂಟನಿಲ್ ಪಟ್ಟಿಯನ್ನು ಸಾಮಾನ್ಯವಾಗಿ 72 ಗಂಟೆಗೆ, ಅಂದರೆ ಮೂರು ದಿನಕ್ಕೊಮ್ಮೆ ಬದಲಿಸುತ್ತಾರೆ. ಒಂದು ಟಿ.ಡಿ.ಎಸ್. ದಿನಕ್ಕೆ ಮೂರು, ಇನ್ನೊಂದು ಮೂರು ದಿನಕ್ಕೆ ಒಂದು! ಇದು ಬಹಳ ಪ್ರಬಲವಾದ ಔಷಧ. ಹಳೆಯದನ್ನು ಕೀಳದೆ ಹೊಸದನ್ನು ಅಂಟಿಸಿದರೆ, ಇಲ್ಲವೇ ಮೇಲಿಂದ ಮೇಲೆ ಅಂಟಿಸಿದರೆ ಉಸಿರಾಟವೇ ನಿಲ್ಲಬಹುದು. ಪಟ್ಟಿ ಅಂಟಿಸಿದ ದಿನ, ಹೊತ್ತು ಎರಡನ್ನೂ ಕ್ಯಾಲೆಂಡರಿನಲ್ಲಿ ಬರೆದಿಡಿ. ತೆಗೆದ ಪಟ್ಟಿಯಲ್ಲಿಯೂ ಔಷಧ ಉಳಿದಿರುತ್ತದೆ, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ.

ಟಿ.ಡಿ.ಎಸ್. ಜೊತೆಗೆ ಚೀಟಿಯಲ್ಲಿ ಇನ್ನೂ ಕೆಲವು ಇಂಥ ಅಕ್ಷರಗಳಿರುತ್ತವೆ. ಎ.ಸಿ. ಎಂದರೆ ನಿಮಗೆ ತಂಪು ಗಾಳಿಯ ಯಂತ್ರ, ತಪ್ಪಿದರೆ ಉಪವಿಭಾಗಾಧಿಕಾರಿ ಸಾಹೇಬರು. ಪಿ.ಸಿ. ಎಂದರೆ ಪೊಲೀಸ್ ಪೇದೆ. ಚೀಟಿಯಲ್ಲಿ ಮಾತ್ರ ಎ.ಸಿ. ಊಟಕ್ಕೆ ಮೊದಲು, ಪಿ.ಸಿ. ಊಟದ ನಂತರ. ಎಸ್.ಓ.ಎಸ್. ಎಂದು ನೋಡಿ ಹೆದರಿ ಓಡಿ ಬಂದವರಿದ್ದಾರೆ, ರೋಗಿಗೆ ಗಂಡಾಂತರ ಎಂದು ತಿಳಿದು. ಮುಳುಗುವ ಹಡಗಿನಿಂದ ಕಳಿಸುವ ಎಸ್.ಓ.ಎಸ್. ಬೇರೆ, 1906ರ ಬರ್ಲಿನ್ ಒಪ್ಪಂದದಲ್ಲಿ ಅದನ್ನು ಅಪಾಯದ ಸಂಕೇತವಾಗಿ ಗೊತ್ತುಮಾಡಿದರು. ಚೀಟಿಯಲ್ಲಿರುವುದು ಸಿ ಓಪಸ್ ಸಿಟ್, ಬೇಕೆನಿಸಿದರೆ ಮಾತ್ರ ತೆಗೆದುಕೊಳ್ಳಿ ಎಂದು. ನೋವಿಲ್ಲದಿದ್ದರೆ ಆ ಗುಳಿಗೆ ಡಬ್ಬಿಯಲ್ಲೇ ಇರಲಿ. ಓ.ಡಿ. ಎಂಬುದು ಇನ್ನೂ ತೊಡಕಿನದು. ವ್ಯಾಪಾರಿಗಳಿಗೆ ಅದು ಬ್ಯಾಂಕಿನ ಓವರ್‌ಡ್ರಾಫ್ಟ್, ನಮ್ಮ ಚೀಟಿಗಳಲ್ಲಿ ದಿನಕ್ಕೊಮ್ಮೆ, ಕಣ್ಣಿನ ವೈದ್ಯರಿಗೆ ಬಲಗಣ್ಣು. ಬಾಯಿಗೆ ಹಾಕಬೇಕಾದ ದ್ರವ ಔಷಧ ಈ ಗೊಂದಲದಿಂದ ಕಣ್ಣಿಗೆ ಬಿದ್ದದ್ದೂ ಉಂಟು ಎಂದು ಅಮೆರಿಕದ ಔಷಧ ಸುರಕ್ಷತಾ ಸಂಸ್ಥೆ ಐ.ಎಸ್.ಎಂ.ಪಿ. ಎಚ್ಚರಿಸಿದೆ. ಆ ದೇಶದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2004ರಿಂದ ಕೆಲವು ಸಂಕ್ಷೇಪಾಕ್ಷರಗಳನ್ನು ಬರೆಯಲೇಬಾರದು ಎಂದು ಪಟ್ಟಿ ಮಾಡಿತು. ದಿನಕ್ಕೊಮ್ಮೆ, ದಿನ ಬಿಟ್ಟು ದಿನ ಎಂಬವುಗಳ ಸಂಕ್ಷೇಪಗಳೂ ಅದರಲ್ಲಿವೆ. ನಮ್ಮಲ್ಲಿ ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲಿ ಔಷಧದ ಹೆಸರನ್ನು ಸ್ಪಷ್ಟವಾಗಿ, ಆದಷ್ಟೂ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ನಿಯಮ ತಂದಿತು. ಹೊತ್ತನ್ನೂ ಕನ್ನಡದಲ್ಲೇ ಬರೆದರೆ ಅರ್ಧ ತೊಂದರೆ ತಪ್ಪುತ್ತದೆ ಎಂಬುದು ನನ್ನ ಅನಿಸಿಕೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಬರೆಯಲು ಎಷ್ಟು ಹೊತ್ತು ಬೇಕು?

ಅಲ್ಲಿಯವರೆಗೆ ನೀವು ಮಾಡಬೇಕಾದದ್ದು ಇಷ್ಟು. ಗುಳಿಗೆ ಕೈಗೆ ಬಂದಾಗ ಕೌಂಟರಿನ ಮುಂದೆಯೇ ಕೇಳಿ: ದಿನಕ್ಕೆ ಎಷ್ಟು ಸಲ, ಎಷ್ಟೆಷ್ಟು ಗಂಟೆಗೆ, ಊಟಕ್ಕೆ ಮೊದಲೋ ನಂತರವೋ, ಎಷ್ಟು ದಿನ. ಹಿಂದೆ ಸಾಲು ದೊಡ್ಡದಿದೆ ಎಂದು ಸಂಕೋಚ ಬೇಡ. ನಾನು ಮಧ್ಯಾಹ್ನ ಉಣ್ಣುವುದಿಲ್ಲ, ರಾತ್ರಿ ಪಾಳಿ ಇದೆ, ಉಪವಾಸ ಮಾಡುತ್ತೇನೆ, ಇಂಥದ್ದೇನಿದ್ದರೂ ಹೇಳಿಬಿಡಿ. ವೈದ್ಯರನ್ನು ಕೇಳಿ ಹೊತ್ತನ್ನು ಹೊಂದಿಸಿಕೊಡಬಹುದು, ಎಷ್ಟೋ ಸಲ ದಿನಕ್ಕೆರಡು ಬಾರಿಯ ಬೇರೆ ಗುಳಿಗೆಯೂ ಇರುತ್ತದೆ. ಬಿಡುಗಡೆಯ ದಿನ ಸಿಸ್ಟರ್ ಹೇಳಿದ್ದನ್ನು ನಿಮ್ಮ ಬಾಯಿಂದ ಮತ್ತೆ ಹೇಳಿಸುತ್ತಾರೆ. ಅದನ್ನು ಪರೀಕ್ಷೆ ಎಂದುಕೊಳ್ಳಬೇಡಿ, ಪರೀಕ್ಷೆ ನಮ್ಮದು, ನಾವು ಸರಿಯಾಗಿ ಹೇಳಿದ್ದೇವೋ ಇಲ್ಲವೋ ಎಂದು. ಓದಲು ಬಾರದ ಹಿರಿಯರಿಗೆ ಗುಳಿಗೆಯ ಲಕೋಟೆಯ ಮೇಲೆ ಹುಟ್ಟುವ ಸೂರ್ಯ, ನೆತ್ತಿಯ ಸೂರ್ಯ, ಚಂದ್ರ ಎಂದು ಚಿತ್ರ ಬರೆಸಿಕೊಳ್ಳಿ. ಮನೆಯಲ್ಲಿ ಶಾಲೆಗೆ ಹೋಗುವ ಮೊಮ್ಮಗಳಿದ್ದರೆ ಆ ಕೆಲಸ ಅವಳಿಗೆ ವಹಿಸಿ, ನಮಗಿಂತ ಚೆನ್ನಾಗಿ ಬರೆಯುತ್ತಾಳೆ.

ಗಂಟೆ ಎರಡಾಗುತ್ತ ಬಂತು. ಮಧ್ಯಾಹ್ನದ ಗುಳಿಗೆ ಇರುವವರು ಏಳಿ, ಊಟದ ನಂತರದ್ದಾದರೆ ಮೊದಲು ದಾಸೋಹಕ್ಕೆ ಹೋಗಿ ಬನ್ನಿ. ಉಳಿದವರು ಚೀಟಿ ಹಿಡಿದು ಇತ್ತ ಬನ್ನಿ, ಓದಲು ಬಾರದವರು ಮುಂದೆ ನಿಲ್ಲಿ, ಲಕೋಟೆ, ಪೆನ್ನು ಎರಡೂ ಇಲ್ಲಿವೆ.